ಮಳೆಗೆ ಸಿಕ್ಕ ಬೇಸ್‌ಬಾಲ್ ಪಂದ್ಯ: ಕಾಯಬೇಕೇ, ಮನೆಗೆ ಹೋಗಬೇಕೇ, ಟಿಕೆಟ್ ಏನಾಗುತ್ತದೆ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಡಕ್‌ವರ್ತ್-ಲೂಯಿಸ್ ಇಲ್ಲ, ಓವರ್ ಕಡಿತದಂಥ ಲೆಕ್ಕವೂ ಇಲ್ಲ. ಮಳೆ ಬಂತೆಂದು ಯಾರ ಗುರಿಯನ್ನೂ ಬದಲಿಸುವುದಿಲ್ಲ. ಆಗುವುದು ನಾಲ್ಕರಲ್ಲಿ ಒಂದು. ‘ಡಿಲೇ’ ಎಂದರೆ ಆಟ ನಿಂತಿದೆ, ಇವತ್ತೇ ಮುಂದುವರಿಯಬಹುದು. ‘ಪೋಸ್ಟ್‌ಪೋನ್ಡ್’ ಎಂದರೆ ಒಂದು ಚೆಂಡೂ ಬೀಳದೆ ಪಂದ್ಯ ಬೇರೆ ದಿನಕ್ಕೆ ಹೋಗಿದೆ. ‘ಸಸ್ಪೆಂಡೆಡ್’ ಎಂದರೆ ಶುರುವಾದ ಪಂದ್ಯ ಇದ್ದಲ್ಲೇ ನಿಂತಿದೆ, ಇನ್ನೊಂದು ದಿನ ಅಲ್ಲಿಂದಲೇ ಮುಂದುವರಿಯುತ್ತದೆ. ‘ಕಾಲ್ಡ್’ ಎಂದರೆ ಒಂಬತ್ತು ಇನ್ನಿಂಗ್ಸ್ ಆಗದಿದ್ದರೂ ಪಂದ್ಯ ಮುಗಿಯಿತು, ಮುಂದಿದ್ದವರು ಗೆದ್ದರು. ಕೊನೆಯದು ಆಟಗಾರರಿಗೆ ಗೆಲುವೋ ಸೋಲೋ ಏನೋ ಒಂದು. ಪ್ರೇಕ್ಷಕನಿಗೆ ಮಾತ್ರ ಟಿಕೆಟ್‌ನ ಆಯುಷ್ಯ ಅಲ್ಲಿಗೆ ತೀರಿತು.

ಸಸ್ಪೆಂಡ್ ಆಗುವುದು ಹೇಗಿರುತ್ತದೆ ಎಂದು ಕ್ರಿಕೆಟ್ ನೋಡುವವರಿಗೆ ಹೆಚ್ಚು ವಿವರಿಸಬೇಕಿಲ್ಲ. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ 46.1 ಓವರ್‌ಗೆ 5 ವಿಕೆಟ್‌ಗೆ 211 ಮಾಡಿದ್ದಾಗ ಮಳೆ ಬಂದು, ಮರುದಿನ ಎರಡನೇ ಎಸೆತದಿಂದಲೇ ಆಟ ಮುಂದುವರಿಯಿತಲ್ಲ, ಅದೇ. ವ್ಯತ್ಯಾಸವೆಂದರೆ ಬೇಸ್‌ಬಾಲ್‌ನಲ್ಲಿ ಆ ‘ಮರುದಿನ’ ಎರಡು ಮೂರು ತಿಂಗಳ ನಂತರವೂ ಬರಬಹುದು.

ಮೊದಲು ಹದಿನೈದು ಔಟ್‌ಗಳ ಲೆಕ್ಕ

ಉಳಿದದ್ದೆಲ್ಲ ಈ ಲೆಕ್ಕದ ಮೇಲೆ ನಿಂತಿರುವುದರಿಂದ ಇದನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಿ. ಪ್ರತಿ ಇನ್ನಿಂಗ್ಸ್‌ನ ಮೊದಲರ್ಧದಲ್ಲಿ ಹೊರಗಿನಿಂದ ಬಂದ ತಂಡ ಬ್ಯಾಟ್ ಮಾಡುತ್ತದೆ, ಎರಡನೆಯ ಅರ್ಧದಲ್ಲಿ ಆತಿಥೇಯ ತಂಡ. ಅರ್ಧಕ್ಕೆ ಮೂರು ಔಟ್. ಐದು ಇನ್ನಿಂಗ್ಸ್ ಪೂರ್ತಿಯಾದರೆ ಎರಡೂ ಕಡೆ 15 ಔಟ್ ಆಗಿರುತ್ತವೆ, ಪಂದ್ಯ ಅಧಿಕೃತವಾಗುತ್ತದೆ. ಆತಿಥೇಯರು ಮುಂದಿದ್ದರೆ ಅಷ್ಟೂ ಬೇಡ. ಪ್ರವಾಸಿ ತಂಡದ 15 ಔಟ್ ಆದರೆ ಸಾಕು, ಅಂದರೆ ನಾಲ್ಕೂವರೆ ಇನ್ನಿಂಗ್ಸ್. ಮುಂದಿರುವವರು ಮತ್ತೆ ಬ್ಯಾಟ್ ಮಾಡಿ ಸಾಧಿಸಬೇಕಾದ್ದೇನೂ ಇಲ್ಲವಲ್ಲ.

ಈ ಗೆರೆ ದಾಟುವ ಮೊದಲೇ ಮಳೆ ಆ ದಿನದ ಆಟವನ್ನು ನುಂಗಿದರೆ ಪಂದ್ಯ ಸಸ್ಪೆಂಡ್ ಆಗುತ್ತದೆ. ಇದು 2020ರಿಂದ ಬಂದ ಪದ್ಧತಿ. ಅದಕ್ಕೂ ಮೊದಲು ಆಡಿದ್ದನ್ನೆಲ್ಲ ಅಳಿಸಿ, ಹೊಡೆದ ಹೋಮ್ ರನ್‌ಗಳನ್ನೂ ಲೆಕ್ಕದಿಂದ ತೆಗೆದು, ಪಂದ್ಯವನ್ನು ಹೊಸದಾಗಿ ಆರಂಭಿಸುತ್ತಿದ್ದರು. ಹಳೆಯ ಅಭಿಮಾನಿಗಳು ಈಗಲೂ ಹಾಗೆಂದೇ ಹೇಳುತ್ತಾರೆ. ಪಕ್ಕದ ಸೀಟಿನವರ ಮಾತು ನಂಬಿ ಟಿಕೆಟ್ ಬಿಸಾಡಬೇಡಿ. 2021ರ ಏಪ್ರಿಲ್ 11ರಂದು ನ್ಯೂಯಾರ್ಕಿನ ಸಿಟಿ ಫೀಲ್ಡ್‌ನಲ್ಲಿ ಮೆಟ್ಸ್ ಮತ್ತು ಮಯಾಮಿ ಮಾರ್ಲಿನ್ಸ್ ಪಂದ್ಯ ಒಂಬತ್ತೇ ಎಸೆತಗಳಾದ ಮೇಲೆ ನಿಂತಿತು. ಆ ಒಂಬತ್ತು ಎಸೆತ ಉಳಿದುಕೊಂಡವು. ಆಗಸ್ಟ್ 31ರಂದು ಅಲ್ಲಿಂದಲೇ ಆಟ ಮುಂದುವರಿಯಿತು.

ಗೆರೆ ದಾಟಿದ ಮೇಲೆ ಮಳೆ ನಿಲ್ಲದಿದ್ದರೆ ಸಾಮಾನ್ಯವಾಗಿ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಆದರೆ ಎರಡು ಸಂದರ್ಭಗಳಲ್ಲಿ ಆಗಲೂ ಸಸ್ಪೆಂಡ್ ಮಾಡುತ್ತಾರೆ. ಒಂದು, ಸ್ಕೋರ್ ಸಮವಾಗಿದ್ದಾಗ. ಇನ್ನೊಂದು ಸ್ವಲ್ಪ ಸೂಕ್ಷ್ಮ: ನಡೆಯುತ್ತಿರುವ ಇನ್ನಿಂಗ್ಸ್‌ನಲ್ಲೇ ಪ್ರವಾಸಿ ತಂಡ ಮುನ್ನಡೆ ಪಡೆದು, ಆತಿಥೇಯರು ಇನ್ನೂ ಅದನ್ನು ಕಿತ್ತುಕೊಂಡಿರದಿದ್ದಾಗ. ಉದಾಹರಣೆಗೆ, ಆರು ಇನ್ನಿಂಗ್ಸ್ ಮುಗಿದಾಗ ಆತಿಥೇಯರು 3-2ರಿಂದ ಮುಂದಿದ್ದಾರೆ. ಏಳನೆಯದರ ಮೊದಲರ್ಧದಲ್ಲಿ ಪ್ರವಾಸಿಗಳು ಎರಡು ರನ್ ಹೊಡೆದು 4-3 ಮಾಡಿದರು, ಮಳೆ ಸುರಿಯಿತು. ಪಂದ್ಯ ಸಸ್ಪೆಂಡ್, ಏಕೆಂದರೆ ಆತಿಥೇಯರಿಗೆ ಉತ್ತರ ಕೊಡುವ ಸರದಿ ಬಾಕಿ ಇದೆ. ಅದೇ ಇನ್ನಿಂಗ್ಸ್‌ನ ಎರಡನೆಯ ಅರ್ಧದಲ್ಲಿ ಆತಿಥೇಯರು 5-4 ಮಾಡಿದ ಮೇಲೆ ಮಳೆ ಬಂದಿದ್ದರೆ ಅಲ್ಲಿಗೇ ಅವರ ಗೆಲುವು. ಪ್ರವಾಸಿಗಳು ಆರನೆಯ ಇನ್ನಿಂಗ್ಸ್‌ನಿಂದಲೇ ಮುಂದಿದ್ದು, ಏಳನೆಯದರ ನಡುವೆ ಹಾಗೆಯೇ ಮುಂದಿರುವಾಗ ಮಳೆ ಬಂದರೆ ಅವರ ಗೆಲುವು.

ಮೂರನೆಯ ದಾರಿಯೊಂದಿದೆ, ಅಪರೂಪದ್ದು. ಆತಿಥೇಯ ಕ್ಲಬ್‌ನ ಉಪಕರಣ ಕೆಟ್ಟು ಆಟ ನಿಂತರೆ, ಅಂದರೆ ದೀಪ, ಚಾವಣಿ, ನೀರು ತೆಗೆಯುವ ಯಂತ್ರ, ಟಾರ್ಪಾಲ್ ಸುತ್ತಿದ ಉರುಳೆ ಇಂಥವು ಕೈಕೊಟ್ಟರೆ, ಮುಂದಿದ್ದವರನ್ನು ಗೆದ್ದರೆಂದು ಸಾರುವಂತಿಲ್ಲ. ಶಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ 2014ರ ಆಗಸ್ಟ್ 19ರಂದು ಆತಿಥೇಯ ಕಬ್ಸ್ ತಂಡ ನಾಲ್ಕೂವರೆ ಇನ್ನಿಂಗ್ಸ್‌ಗೆ 2-0 ಮುಂದಿತ್ತು. ಸುರಿದದ್ದು ಕಾಲು ಗಂಟೆಯಷ್ಟು ಮಳೆ. ಟಾರ್ಪಾಲ್ ಸರಿಯಾಗಿ ಬಿಚ್ಚಿಕೊಳ್ಳದೆ ಇನ್‌ಫೀಲ್ಡ್ (ಬೇಸ್‌ಗಳಿರುವ ಒಳಮೈದಾನ) ಕೆಸರಾಯಿತು. ನಾಲ್ಕೂವರೆ ಗಂಟೆ ಕಾಯಿಸಿ ಕಬ್ಸ್ ಗೆದ್ದಿತು ಎಂದರು. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಪ್ರತಿಭಟನೆ ಸಲ್ಲಿಸಿತು, ಲೀಗ್ ಅದನ್ನು ಎತ್ತಿಹಿಡಿದು ಪಂದ್ಯವನ್ನು ಸಸ್ಪೆಂಡೆಡ್ ಎಂದು ಬದಲಿಸಿತು. ಎರಡು ದಿನ ಬಿಟ್ಟು ಆಡಿಸಿದಾಗ ಕಬ್ಸ್ 2-1ರಿಂದ ಗೆದ್ದಿತು.

ಟಿಕೆಟ್ ಕೊಳ್ಳುವಾಗಲೇ ಮಾಡಬೇಕಾದ ಆಯ್ಕೆ

ಭಾರತದಿಂದ ಬಂದ ಅಪ್ಪ-ಅಮ್ಮನಿಗೆ ಒಂದು ಪಂದ್ಯ ತೋರಿಸಲೇಬೇಕು, ಮುಂದಿನ ವಾರ ಅವರ ವಿಮಾನ ಎಂಬ ಪರಿಸ್ಥಿತಿಯಿದ್ದರೆ ಚಾವಣಿಯಿರುವ ಮೈದಾನವನ್ನೇ ಆರಿಸಿ. ಟೊರಾಂಟೊದ ರೋಜರ್ಸ್ ಸೆಂಟರ್, ಮಿಲ್ವಾಕಿಯ ಅಮೆರಿಕನ್ ಫ್ಯಾಮಿಲಿ ಫೀಲ್ಡ್, ಹ್ಯೂಸ್ಟನ್‌ನ ಡೈಕಿನ್ ಪಾರ್ಕ್, ಡಲ್ಲಾಸ್ ಹತ್ತಿರದ ಆರ್ಲಿಂಗ್ಟನ್‌ನ ಗ್ಲೋಬ್ ಲೈಫ್ ಫೀಲ್ಡ್, ಫೀನಿಕ್ಸ್‌ನ ಚೇಸ್ ಫೀಲ್ಡ್, ಮಯಾಮಿಯ ಲೋನ್‌ಡಿಪೋ ಪಾರ್ಕ್, ಸಿಯಾಟಲ್‌ನ ಟಿ-ಮೊಬೈಲ್ ಪಾರ್ಕ್, ಇವಿಷ್ಟಕ್ಕೂ ತೆರೆದು ಮುಚ್ಚುವ ಚಾವಣಿ ಇದೆ. ಸಿಯಾಟಲ್‌ನದು ಕೊಡೆಯ ಹಾಗೆ ಮೇಲಷ್ಟೇ ಮುಚ್ಚುತ್ತದೆ, ಪಕ್ಕದಿಂದ ಚಳಿಗಾಳಿ ಬರುತ್ತದೆ, ಸ್ವೆಟರ್ ಬೇಕು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆ ಮಳೆ ತೀರಾ ಅಪರೂಪ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊಗಳಲ್ಲಿ ಈ ಚಿಂತೆ ಹೆಚ್ಚುಕಡಿಮೆ ಬೇಡ.

ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾ, ವಾಷಿಂಗ್ಟನ್, ಶಿಕಾಗೊ ಕಡೆ ಪಂದ್ಯ ನೋಡುವವರು ದಿನವನ್ನು ಜಾಣತನದಿಂದ ಆರಿಸಬೇಕು. ಒಂದೇ ಎದುರಾಳಿ ಬಂದು ಸಾಮಾನ್ಯವಾಗಿ ಮೂರು ನಾಲ್ಕು ದಿನ ಅದೇ ಊರಿನಲ್ಲಿ ಆಡುತ್ತಾರೆ. ಸರಣಿಯ ಮೊದಲ ಪಂದ್ಯ ಮಳೆಗೆ ಹೋದರೆ ಮರುದಿನವೋ ಅದರ ಮರುದಿನವೋ ಒಂದೇ ದಿನ ಎರಡು ಪಂದ್ಯ ಆಡಿಸಿ ಬಾಕಿ ತೀರಿಸಲು ಜಾಗವಿರುತ್ತದೆ. ಕೊನೆಯ ಪಂದ್ಯ ಹೋದರೆ ಎದುರಾಳಿ ಆ ರಾತ್ರಿಯೇ ಬೇರೆ ಊರಿಗೆ ಹಾರುತ್ತಾರೆ. ಮತ್ತೆ ಯಾವಾಗ ಬರುತ್ತಾರೋ ಆಗಲೇ ನಿಮ್ಮ ಟಿಕೆಟ್‌ಗೆ ಬೆಲೆ. ಅದರಲ್ಲೂ ಕೊನೆಯ ದಿನದ ಪಂದ್ಯಕ್ಕೆ ಇನ್ನೊಂದು ತಾಪತ್ರಯ: ಹೇಗಾದರೂ ಅವತ್ತೇ ಮುಗಿಸಬೇಕೆಂದು ಮೂರು ಗಂಟೆಯಾದರೂ ಕಾಯಿಸುತ್ತಾರೆ.

ಸೀಟು ಆರಿಸುವಾಗ ಕೆಳಹಂತದ ಹಿಂದಿನ ಸಾಲುಗಳನ್ನು ನೋಡಿ. ಮೇಲಿನ ಹಂತವೇ ಅವಕ್ಕೆ ಚಾವಣಿ. ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನ ಗ್ರ್ಯಾಂಡ್‌ಸ್ಟ್ಯಾಂಡ್, ರಿಗ್ಲಿಯ 200ರ ಸರಣಿಯ ವಿಭಾಗಗಳು ಬಹುಪಾಲು ಮಾಡಿನ ಕೆಳಗೇ ಇವೆ. ಹಳೆಯ ಕಟ್ಟಡಗಳಾದ್ದರಿಂದ ನಡುವೆ ಕಂಬ ಅಡ್ಡ ಬರಬಹುದು. ಸೀಟಿನ ವಿವರದಲ್ಲಿ ‘ಅಬ್‌ಸ್ಟ್ರಕ್ಟೆಡ್ ವ್ಯೂ’ ಎಂದು ಬರೆದಿದೆಯೇ ನೋಡಿಕೊಳ್ಳಿ. ಮೈದಾನಕ್ಕೆ ಅಂಟಿದ ದುಬಾರಿ ಸೀಟುಗಳು ಮಳೆಯಲ್ಲಿ ಎಲ್ಲಕ್ಕಿಂತ ಕೆಟ್ಟವು.

ಕ್ಲಬ್‌ನಿಂದಲೇ ನೇರ ಕೊಂಡ ಟಿಕೆಟ್‌ಗೂ ಸ್ಟಬ್‌ಹಬ್, ಸೀಟ್‌ಗೀಕ್‌ನಂಥ ಮರುಮಾರಾಟದ ತಾಣದಲ್ಲಿ ಕೊಂಡದ್ದಕ್ಕೂ ಮಳೆಯ ದಿನ ವ್ಯತ್ಯಾಸ ಕಾಣುತ್ತದೆ. ಮರುಮಾರಾಟದಲ್ಲಿ ಪಂದ್ಯ ರದ್ದಾದರೆ ಹಣ ವಾಪಸ್. ಮುಂದೂಡಿದರೆ ಸಾಮಾನ್ಯವಾಗಿ ಇಲ್ಲ, ಅದೇ ಟಿಕೆಟ್ ಹೊಸ ದಿನಾಂಕಕ್ಕೆ ನಡೆಯುತ್ತದೆ. ಬೇಸ್‌ಬಾಲ್‌ನಲ್ಲಿ ಮಳೆಯ ಪಂದ್ಯಗಳನ್ನು ಹೆಚ್ಚಾಗಿ ಮುಂದೂಡುತ್ತಾರೆ, ಪೂರ್ತಿ ರದ್ದು ಮಾಡುವುದು ಕಡಿಮೆ. ಕ್ಲಬ್ ಒಮ್ಮೊಮ್ಮೆ ಕೊಡುವ ಬದಲಿ ಟಿಕೆಟ್ ಅಥವಾ ಕ್ರೆಡಿಟ್ ಮೂಲ ಖರೀದಿದಾರನ ಖಾತೆಗೆ ಹೋಗುವುದೂ ಉಂಟು. ಹತ್ತು ಡಾಲರ್ ಉಳಿಸಲು ಮರುಮಾರಾಟಕ್ಕೆ ಹೋಗುವ ಮೊದಲು ಹವಾಮಾನ ನೋಡುವುದು ಒಳ್ಳೆಯದು.

ಪಂದ್ಯದ ದಿನ

ಇಡೀ ದಿನದ ‘ಶೇಕಡಾ 60 ಮಳೆ’ ಎಂಬ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಗಂಟೆವಾರು ಮುನ್ಸೂಚನೆ ಮತ್ತು ರೇಡಾರ್ ನೋಡಿ. ಪಿಚ್ ಕ್ಲಾಕ್ (ಪ್ರತಿ ಎಸೆತಕ್ಕೆ ಸಮಯದ ಮಿತಿ) ಬಂದ ಮೇಲೆ ಒಂಬತ್ತು ಇನ್ನಿಂಗ್ಸ್‌ನ ಪಂದ್ಯ ಸರಾಸರಿ 2 ಗಂಟೆ 40 ನಿಮಿಷದ ಆಸುಪಾಸು ಮುಗಿಯುತ್ತದೆ. ಐದು ಇನ್ನಿಂಗ್ಸ್‌ಗೆ ಸುಮಾರು ಒಂದೂವರೆ ಗಂಟೆ. ಸಂಜೆ 7:05ಕ್ಕೆ ಶುರುವಾದ ಪಂದ್ಯ 8:35ರ ಹೊತ್ತಿಗೆ ಗೆರೆ ದಾಟುತ್ತದೆ. ಹಾಗಾಗಿ 8 ಗಂಟೆಗೆ ಬರುವ ಗುಡುಗುಮಳೆಗೂ 9 ಗಂಟೆಗೆ ಬರುವುದಕ್ಕೂ ಬಹಳ ಅಂತರ. ಎಂಟರ ಮಳೆ ಹಠ ಹಿಡಿದರೆ ಪಂದ್ಯ ಸಸ್ಪೆಂಡ್ ಆಗಿ ನಿಮ್ಮ ಟಿಕೆಟ್‌ಗೆ ಇನ್ನೂ ಜೀವ ಉಳಿಯಬಹುದು. ಒಂಬತ್ತರ ಮಳೆ ಹಠ ಹಿಡಿದರೆ ಆರು ಇನ್ನಿಂಗ್ಸ್ ನೋಡಿ ಮನೆಗೆ ಬರುತ್ತೀರಿ, ಕೇಳುವವರಿಲ್ಲ. ಪ್ರೇಕ್ಷಕನ ಜೇಬಿನ ದೃಷ್ಟಿಯಿಂದ ತಡವಾಗಿ ಬರುವ ಮಳೆಯೇ ದುಬಾರಿ.

ಪಂದ್ಯ ಶುರು ಮಾಡಬೇಕೇ ಬೇಡವೇ ಎಂಬುದು ಆತಿಥೇಯ ಕ್ಲಬ್‌ನ ತೀರ್ಮಾನ. ಆಟಕ್ಕೆ ಐದು ನಿಮಿಷ ಮುಂಚೆ ಎರಡೂ ತಂಡದವರು ಬ್ಯಾಟಿಂಗ್ ಕ್ರಮದ ಚೀಟಿಯನ್ನು ಅಂಪೈರ್‌ಗೆ ಕೊಟ್ಟ ಗಳಿಗೆಯಿಂದ ಅಧಿಕಾರ ಮುಖ್ಯ ಅಂಪೈರ್‌ನದು. ಆದ್ದರಿಂದ ಸಂಜೆಯ ಪಂದ್ಯವನ್ನು ಮಧ್ಯಾಹ್ನವೇ ಮುಂದೂಡಿದರೆ ಅದು ಕ್ಲಬ್‌ನಿಂದ ಬರುವ ಸುದ್ದಿ. ಹೊರಡುವ ಮೊದಲು ಲೀಗ್‌ನ ಎಂಎಲ್‌ಬಿ ಆ್ಯಪ್ ಅಥವಾ ತಂಡದ ಸಾಮಾಜಿಕ ಜಾಲತಾಣದ ಖಾತೆ ಒಮ್ಮೆ ನೋಡಿ. ಪಾರ್ಕಿಂಗ್‌ಗೆ ಹಣ ಕೊಡುವ ಮೊದಲು ಇನ್ನೊಮ್ಮೆ ನೋಡಿ.

ಚೀಲದಲ್ಲಿ ಏನಿರಬೇಕು? ಪ್ರತಿಯೊಬ್ಬರಿಗೂ ಒಂದೊಂದು ಪ್ಲಾಸ್ಟಿಕ್ ಪಾಂಚೋ, ತಲೆಯಿಂದ ಮೊಣಕಾಲಿನವರೆಗೆ ಇಳಿಯುವಂಥದ್ದು. ಡಾಲರ್ ಅಂಗಡಿಯದೇ ಸಾಕು, ಸ್ಟೇಡಿಯಂ ಒಳಗೆ ಅದಕ್ಕೆ ಹಲವು ಪಟ್ಟು ಬೆಲೆ. ಕೊಡೆ ಒಯ್ಯಲು ಹಲವೆಡೆ ಬಿಡುತ್ತಾರೆ, ಆದರೆ ಸೀಟಿನಲ್ಲಿ ಬಿಚ್ಚಿದರೆ ಹಿಂದಿನವರ ನೋಟಕ್ಕೆ ಅಡ್ಡ, ಸಿಬ್ಬಂದಿ ಮುಚ್ಚಿಸುತ್ತಾರೆ. ಒದ್ದೆ ಸೀಟು ಒರೆಸಲು ಹಳೆಯ ಟವೆಲ್, ಒಂದು ಜೊತೆ ಕಾಲುಚೀಲ, ಫೋನಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಪವರ್ ಬ್ಯಾಂಕ್. ಪವರ್ ಬ್ಯಾಂಕ್ ಮರೆಯುವಂತಿಲ್ಲ, ಏಕೆಂದರೆ ಟಿಕೆಟ್ ಇರುವುದೇ ಫೋನಿನಲ್ಲಿ. ಸ್ಕ್ರೀನ್‌ಶಾಟ್ ಗೇಟಿನಲ್ಲಿ ನಡೆಯದೆ ಹೋಗಬಹುದು. ಲೀಗ್‌ನ ಬಾಲ್‌ಪಾರ್ಕ್ ಆ್ಯಪ್‌ನಲ್ಲೇ ತೆರೆಯಿರಿ, ಇಲ್ಲವೇ ಫೋನಿನ ವ್ಯಾಲೆಟ್‌ಗೆ ಸೇರಿಸಿಡಿ. ಚೀಲದ ಅಳತೆಯ ನಿಯಮ ಮೈದಾನದಿಂದ ಮೈದಾನಕ್ಕೆ ಬೇರೆ, ಕೆಲವೆಡೆ ಪಾರದರ್ಶಕ ಚೀಲವೇ ಬೇಕು. ಹೊರಗಿನ ತಿಂಡಿಯನ್ನು ಹಲವು ಮೈದಾನಗಳು ಬಿಡುತ್ತವೆ, ಚಿತ್ರಾನ್ನದ ಪ್ಲಾಸ್ಟಿಕ್ ಡಬ್ಬಿಗೆ ಯಾರೂ ತಕರಾರು ಮಾಡಲಿಕ್ಕಿಲ್ಲ. ಆಟ ನಿಂತಾಗ ಸಾವಿರಾರು ಜನ ಒಟ್ಟಿಗೆ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತಾರೆ. ಸಸ್ಯಾಹಾರಿಗಳಿಗೆ ಆ ಡಬ್ಬಿಯ ಬೆಲೆ ಆಗ ತಿಳಿಯುತ್ತದೆ.

ಆಟ ನಿಂತ ಮೇಲೆ

ಅಂಪೈರ್ ಕೈ ಎತ್ತಿ ಆಟಗಾರರನ್ನು ಒಳಗೆ ಕಳಿಸಿದ ಮೇಲೆ ಕನಿಷ್ಠ 30 ನಿಮಿಷ ಕಾಯದೆ ಪಂದ್ಯ ಮುಗಿಯಿತೆಂದು ಹೇಳುವಂತಿಲ್ಲ. ಗರಿಷ್ಠ ಮಿತಿ ಇಲ್ಲ. ಆಡುವ ಆಸೆ ಇರುವವರೆಗೂ ಕಾಯಿಸಬಹುದು. ಆದ್ದರಿಂದ ಮೊದಲ ಅರ್ಧ ಗಂಟೆಯಲ್ಲಿ ಎದ್ದು ಹೋಗುವುದು ಅವಸರವೇ. ಹೆಚ್ಚಿನ ಮೈದಾನಗಳಲ್ಲಿ ಒಮ್ಮೆ ಹೊರಗೆ ಹೋದರೆ ಅದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಬಿಡುವುದಿಲ್ಲ. ಕಾರಿನಲ್ಲಿ ಕೂತು ಬರೋಣ ಎಂದು ಹೊರಟವರು ಆಟ ಮತ್ತೆ ಶುರುವಾದಾಗ ಗೇಟಿನ ಆಚೆ ಉಳಿಯುತ್ತಾರೆ.

ಗುಡುಗು ಕೇಳಿದರೆ ಸೀಟಿನ ಮೇಲೆ ಚಾವಣಿ ಇದ್ದರೂ ಎದ್ದು ಒಳಗಿನ ಕಾಂಕೋರ್ಸ್‌ಗೆ (ಸೀಟುಗಳ ಹಿಂದಿನ ಹಜಾರಕ್ಕೆ) ಹೋಗಿ. ಲೋಹದ ಕಟಕಟೆಗೆ ಒರಗಬೇಡಿ. ಕೊನೆಯ ಗುಡುಗಾದ ಮೇಲೆ 30 ನಿಮಿಷ ಕಾಯಬೇಕೆಂಬುದು ಅಮೆರಿಕದ ಹವಾಮಾನ ಇಲಾಖೆಯ ಸಲಹೆ. ಪ್ರತಿ ಹೊಸ ಗುಡುಗಿಗೂ ಆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ಆಟ ಮತ್ತೆ ಶುರುವಾಗುತ್ತದೋ ಇಲ್ಲವೋ ಎಂದು ತಿಳಿಯಲು ಮೈದಾನದ ಕೆಲಸಗಾರರನ್ನು ನೋಡಿ, ದೊಡ್ಡ ಪರದೆಯನ್ನಲ್ಲ. ಇನ್‌ಫೀಲ್ಡ್ ಮೇಲೆ ಹಾಸುವ ಟಾರ್ಪಾಲ್ ಸಾಮಾನ್ಯವಾಗಿ 170 ಅಡಿ ಉದ್ದ, ಅಷ್ಟೇ ಅಗಲ. ಎಳೆಯಲು ಹದಿನೈದು ಇಪ್ಪತ್ತು ಜನ ಬೇಕು. ಅದರ ಮೇಲಿನ ನೀರನ್ನು ಹುಲ್ಲಿನ ಅಂಚಿಗೆ ಹರಿಸಲು ಶುರು ಮಾಡಿದರೆಂದರೆ ತೆಗೆಯುವ ಆಲೋಚನೆ ಇದೆ. ತೆಗೆದ ಮೇಲೂ ಒಣಮಣ್ಣಿನಂಥ ಪುಡಿ ಚೆಲ್ಲಬೇಕು, ಗೆರೆ ಎಳೆಯಬೇಕು, ಪಿಚರ್‌ಗಳು (ಚೆಂಡೆಸೆಯುವವರು) ಬುಲ್‌ಪೆನ್ ಎಂಬ ಅಭ್ಯಾಸದ ಜಾಗದಲ್ಲಿ ಮೈ ಬಿಸಿ ಮಾಡಿಕೊಳ್ಳಬೇಕು; ಅರ್ಧ ಗಂಟೆಯಾದರೂ ಬೇಕಾಗುತ್ತದೆ. ಕಾಫಿ ತರಲು ಅದೇ ಸಮಯ. ಮಳೆ ನಿಂತರೂ ಕೆಲಸಗಾರರು ಸುಮ್ಮನೆ ಕೂತಿದ್ದರೆ ರೇಡಾರ್‌ನಲ್ಲಿ ಇನ್ನೊಂದು ಮೋಡ ಬರುತ್ತಿದೆ ಎಂದರ್ಥ.

ಯಾವುದೋ ಒಬ್ಬ ಪಿಚರ್‌ನನ್ನು ನೋಡಲೆಂದೇ ಬಂದಿದ್ದರೆ ಇನ್ನೊಂದು ವಿಷಯ ಗಮನದಲ್ಲಿರಲಿ. ಒಂದು ಗಂಟೆ ಮೀರಿ ಆಟ ನಿಂತರೆ, ಆರಂಭಿಸಿದ ಪಿಚರ್ ವಾಪಸ್ ಬರುವುದು ಅಪರೂಪ. ಬಿಸಿಯಾಗಿ ತಣ್ಣಗಾದ ತೋಳನ್ನು ಮತ್ತೆ ದುಡಿಸಿ ಗಾಯ ಮಾಡಿಕೊಳ್ಳಲು ಯಾವ ತಂಡವೂ ಒಪ್ಪುವುದಿಲ್ಲ.

ಆ ದಿನದ ಆಟ ಮುಗಿಯಿತೆಂದು ಘೋಷಿಸಿದ ತಕ್ಷಣ ಸ್ಕೋರ್‌ಬೋರ್ಡ್‌ನ ಒಂದು ಫೋಟೊ ತೆಗೆದುಕೊಳ್ಳಿ: ಇನ್ನಿಂಗ್ಸ್, ಔಟ್, ಬೇಸ್‌ಗಳ ಮೇಲೆ ಯಾರು, ಬ್ಯಾಟರ್‌ನ ಬಾಲ್-ಸ್ಟ್ರೈಕ್ ಲೆಕ್ಕ (ಆ ಸರದಿಯಲ್ಲಿ ಈವರೆಗೆ ಬಿದ್ದ ಎಸೆತಗಳ ಎಣಿಕೆ). ಸಸ್ಪೆಂಡ್ ಆದದ್ದು ಮುಂದುವರಿಯುವುದು ಇಷ್ಟನ್ನೂ ಹಾಗೆಯೇ ಇಟ್ಟುಕೊಂಡು.

ಟಿಕೆಟ್‌ನ ಗತಿ

ಕ್ಲಬ್‌ನ ಜಾಲತಾಣದಲ್ಲಿ ‘ರೇನ್ ಚೆಕ್ ಪಾಲಿಸಿ’ (ಮಳೆಯ ದಿನದ ಟಿಕೆಟ್ ನಿಯಮ) ಎಂದು ಹುಡುಕಿ ಓದಿ. ಒಂದೊಂದು ಕ್ಲಬ್‌ನದು ಒಂದೊಂದು ರೀತಿ, ಆದರೆ ತಿರುಳು ಹೀಗಿರುತ್ತದೆ. ಪಂದ್ಯ ಅಧಿಕೃತವಾಗಿ ಮುಗಿದಿದ್ದರೆ ಏನೂ ಸಿಗುವುದಿಲ್ಲ. ಮುಂದೂಡಿದ್ದರೆ ಅದೇ ಟಿಕೆಟ್ ಹೊಸ ದಿನಾಂಕಕ್ಕೆ ಸಲ್ಲುತ್ತದೆ, ನಗದು ವಾಪಸ್ ಬರುವುದು ಅಪರೂಪ. ಸಸ್ಪೆಂಡ್ ಆದಾಗ ಮುಂದುವರಿಕೆಗೆ ಯಾವ ಟಿಕೆಟ್ ಎಂಬುದನ್ನು ಕ್ಲಬ್ ಪ್ರತ್ಯೇಕವಾಗಿ ಪ್ರಕಟಿಸುತ್ತದೆ, ಅಲ್ಲಿಯವರೆಗೆ ಆ್ಯಪ್‌ನಿಂದ ಟಿಕೆಟ್ ಅಳಿಸಬೇಡಿ, ಯಾರಿಗೂ ವರ್ಗಾಯಿಸಬೇಡಿ. ಉಚಿತವಾಗಿ ಬಂದ ಟಿಕೆಟ್‌ಗಳಿಗೆ ಬದಲಿ ಕೊಡದಿರುವುದು ಸಾಮಾನ್ಯ. ಪಾರ್ಕಿಂಗ್ ರಸೀದಿಯನ್ನೂ ಇಟ್ಟುಕೊಳ್ಳಿ.

ಮರುದಿನವೇ ಮುಂದುವರಿಸುವುದು ಎಲ್ಲಕ್ಕಿಂತ ಸಲೀಸು. 2025ರ ಆಗಸ್ಟ್ 2ರಂದು ಟೆನೆಸಿಯ ಬ್ರಿಸ್ಟಲ್ ಕಾರ್ ರೇಸ್ ಮೈದಾನದಲ್ಲಿ ಸಿನ್ಸಿನಾಟಿ ರೆಡ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ಪಂದ್ಯ ಇಟ್ಟಿದ್ದರು, ಮಾರಾಟವಾದ ಟಿಕೆಟ್ 91,032. ಮಳೆಯಿಂದ ಎರಡು ಗಂಟೆಗೂ ಹೆಚ್ಚು ತಡವಾಗಿ ಶುರುವಾಗಿ, ಮೊದಲ ಇನ್ನಿಂಗ್ಸ್‌ನಲ್ಲೇ ಮತ್ತೆ ನಿಂತು ಸಸ್ಪೆಂಡ್ ಆಯಿತು. ಮರುದಿನ ಅದೇ ಟಿಕೆಟ್‌ಗೆ ಒಳಗೆ ಬಿಟ್ಟರು. ಆದರೆ ಅಂದು ಭಾನುವಾರ. ದೂರದೂರಿಂದ ಬಂದು ಸೋಮವಾರ ಕೆಲಸಕ್ಕೆ ಹಾಜರಾಗಬೇಕಿದ್ದವರಿಗೆ ಟಿಕೆಟ್ ಇದ್ದೂ ಉಪಯೋಗವಿಲ್ಲ. ಇಂಥ ವಿಶೇಷ ಪಂದ್ಯಕ್ಕೆ ಹೋಗುವಾಗ ಹೋಟೆಲ್ ಕೋಣೆಯನ್ನು ರದ್ದು ಮಾಡಬಹುದಾದ ದರದಲ್ಲಿ ಒಂದು ರಾತ್ರಿ ಹೆಚ್ಚಿಗೆ ಹಿಡಿದಿಡಿ.

ಒಂದೇ ದಿನ ಎರಡು ಪಂದ್ಯ ಆಡಿಸುವಾಗ ಅದು ಯಾವ ಬಗೆಯದು ಎಂದು ಕೇಳಿ. ಒಂದು ಬಗೆಯಲ್ಲಿ ಒಂದೇ ಟಿಕೆಟ್‌ಗೆ ಎರಡೂ ಪಂದ್ಯ, ನಡುವೆ ಅರ್ಧ ಮುಕ್ಕಾಲು ಗಂಟೆ ಬಿಡುವು. ಇನ್ನೊಂದು ಬಗೆ ‘ಸ್ಪ್ಲಿಟ್ ಡಬಲ್‌ಹೆಡರ್’: ಮಧ್ಯಾಹ್ನದ್ದಕ್ಕೊಂದು ಟಿಕೆಟ್, ರಾತ್ರಿಯದಕ್ಕೊಂದು, ನಡುವೆ ಮೈದಾನ ಖಾಲಿ ಮಾಡಿಸುತ್ತಾರೆ. ನಿಮ್ಮ ಮಳೆಯ ಟಿಕೆಟ್ ಮಧ್ಯಾಹ್ನಕ್ಕೋ ರಾತ್ರಿಗೋ ಎಂಬುದನ್ನು ಪ್ರಕಟಣೆಯಲ್ಲಿ ನೋಡಬೇಕು. ಹಳೆಯ ರಾತ್ರಿ ಟಿಕೆಟ್ ಮಧ್ಯಾಹ್ನದ ಪಂದ್ಯಕ್ಕೆ ಹೋಗಿರುವುದು ತಿಳಿಯದೆ ಸಂಜೆ ಬಂದು ಗೇಟಿನಲ್ಲಿ ವಾದಿಸುವವರಿರುತ್ತಾರೆ.

ಸಸ್ಪೆಂಡ್ ಆದ ಪಂದ್ಯವನ್ನು ಅದೇ ಎರಡು ತಂಡಗಳ ಅದೇ ಮೈದಾನದ ಮುಂದಿನ ಪಂದ್ಯಕ್ಕೆ ಮುಂಚೆ ಆಡಿಸುತ್ತಾರೆ. ಆ ಮೈದಾನದಲ್ಲಿ ಆ ವರ್ಷ ಮತ್ತೆ ಅವರ ಭೇಟಿ ಇಲ್ಲದಿದ್ದರೆ ಎದುರಾಳಿಯ ಊರಿನಲ್ಲೂ ಮುಗಿಸಬಹುದು. ಆಗ ನಿಮ್ಮ ಟಿಕೆಟ್‌ಗೆ ಬದಲಿ ಏನೆಂದು ಕ್ಲಬ್‌ಗೆ ಬರೆದು ಕೇಳಿ. ಇನ್ನೂ ಒಂದು: ಎಂಟನೇ ಇನ್ನಿಂಗ್ಸ್‌ನಲ್ಲಿ ನಿಂತದ್ದರ ಮುಂದುವರಿಕೆ ಇಪ್ಪತ್ತು ನಿಮಿಷದಲ್ಲಿ ಮುಗಿಯಬಹುದು. ಗೇಟು ತೆರೆಯುವ ಹೊತ್ತಿಗೇ ಹೋಗಿ.

ಮುಂದುವರಿಕೆಯಲ್ಲಿ ಗೊಂದಲ ಹುಟ್ಟಿಸುವುದು ಆಟಗಾರರ ಪಟ್ಟಿ. ಬ್ಯಾಟಿಂಗ್ ಕ್ರಮ ಹಳೆಯದೇ, ಹೊರಗೆ ಹೋದವರು ಮತ್ತೆ ಬರುವಂತಿಲ್ಲ, ಆದರೆ ನಡುವೆ ತಂಡಕ್ಕೆ ಹೊಸದಾಗಿ ಸೇರಿದವರು ಬದಲಿಯಾಗಿ ಆಡಬಹುದು. 2024ರ ಜೂನ್ 26ರಂದು ಫೆನ್‌ವೇಯಲ್ಲಿ ಮಳೆ ಬಂದಾಗ ಟೊರಾಂಟೊ ಬ್ಲೂ ಜೇಸ್‌ನ ಡ್ಯಾನಿ ಜಾನ್ಸನ್ ಬ್ಯಾಟ್ ಮಾಡುತ್ತಿದ್ದ. ಜುಲೈನಲ್ಲಿ ಅವನನ್ನು ಬಾಸ್ಟನ್ ರೆಡ್ ಸಾಕ್ಸ್ ಆಟಗಾರರ ವಿನಿಮಯದಲ್ಲಿ ಪಡೆಯಿತು. ಆಗಸ್ಟ್ 26ರಂದು ಪಂದ್ಯ ಮುಂದುವರಿದಾಗ ಅವನು ಬಾಸ್ಟನ್‌ನ ಕ್ಯಾಚರ್; ಅವನ ಅರ್ಧ ಉಳಿದ ಸರದಿಯನ್ನು ಟೊರಾಂಟೊ ಪರ ಡಾಲ್ಟನ್ ವಾರ್ಶೋ ಮುಗಿಸಿದ, ಹಿಂದೆ ಕೂತು ಚೆಂಡು ಹಿಡಿದವನು ಜಾನ್ಸನ್. ಒಂದೇ ಪಂದ್ಯದಲ್ಲಿ ಎರಡೂ ತಂಡಕ್ಕೆ ಆಡಿದ ಮೊದಲ ಮೇಜರ್ ಲೀಗ್ ಆಟಗಾರನಾದ. ದಾಖಲೆ ಪುಸ್ತಕದಲ್ಲಿ ಎಲ್ಲವೂ ಜೂನ್ 26ರ ಲೆಕ್ಕಕ್ಕೇ. ಸ್ಕೋರ್‌ಕಾರ್ಡ್ ಬರೆಯುವವರು ಹಳೆಯ ಹಾಳೆಯನ್ನೇ ತೆಗೆದುಕೊಂಡು ಹೋಗಬೇಕು.

ಅಕ್ಟೋಬರ್‌ನ ನಾಕೌಟ್ ಪಂದ್ಯಗಳಿಗೆ ಈ ಐದು ಇನ್ನಿಂಗ್ಸ್‌ನ ಗೆರೆಯೇ ಇಲ್ಲ. 2008ರ ವರ್ಲ್ಡ್ ಸೀರೀಸ್‌ನ (ಲೀಗ್‌ನ ಫೈನಲ್ ಸರಣಿಯ) ಐದನೇ ಪಂದ್ಯ ಫಿಲಡೆಲ್ಫಿಯಾದಲ್ಲಿ ಅಕ್ಟೋಬರ್ 27ರಂದು ಆರನೇ ಇನ್ನಿಂಗ್ಸ್‌ನಲ್ಲಿ 2-2 ಆಗಿ ನಿಂತು, 29ರಂದು ಮುಂದುವರಿದು ಆತಿಥೇಯ ಫಿಲ್ಲೀಸ್ 4-3ರಿಂದ ಗೆದ್ದಿತು. ಅದಾದ ಮೇಲೆ ನಾಕೌಟ್ ಪಂದ್ಯ ಎಷ್ಟು ದಿನವಾದರೂ ಪೂರ್ತಿ ಆಡಿಯೇ ಮುಗಿಸಬೇಕೆಂದು ನಿಯಮವಾಯಿತು. ಹಾಗಾಗಿ ಅಕ್ಟೋಬರ್ ಟಿಕೆಟ್‌ಗೆ ಮಳೆಯಿಂದ ಅರ್ಧ ಪಂದ್ಯದ ಭಯ ಇಲ್ಲ. ಚಳಿಯ ಭಯ ಇದೆ, ಪಾಂಚೋ ಒಳಗೆ ಜಾಕೆಟ್ ಇರಲಿ.